ನಂಟು ತಿಳಿಯದೆ ನಲ್ಲಿ ಹಾಕಿಸಬೇಡಿ: ಮಂಡ್ಯದ ಹಳ್ಳಿಗಳಲ್ಲಿ ಕೆಲಸಕ್ಕಿಳಿಯುವವರಿಗೆ ಒಂದು ಮಾರ್ಗದರ್ಶಿ

ಮಂಡ್ಯದ ಹಳ್ಳಿಗಳಿಗೆ ನೆರವಿನ ದುಡ್ಡು ಬರುವುದು ಈಗ ಅಪರೂಪವೇನಲ್ಲ. ಕಂಪನಿಗಳು ಸಾಮಾಜಿಕ ಹೊಣೆಗೆಂದು ತೆಗೆದಿಡುವ ಸಿಎಸ್‌ಆರ್ ಹಣ ಬರುತ್ತದೆ, ಸಂಘ ಸಂಸ್ಥೆಗಳು ಬರುತ್ತವೆ. ಬೆಂಗಳೂರಿನಲ್ಲಿ ನೆಲೆ ಕಂಡವರು ‘ನಮ್ಮೂರ್ಗೂ ಏನಾದ್ರೂ ಮಾಡ್ಬೇಕು’ ಎಂದು ಗೆಳೆಯರಿಂದ ಐದಾರು ಲಕ್ಷ ಒಟ್ಟು ಮಾಡಿಕೊಂಡು ಬರುತ್ತಾರೆ. ಶುದ್ಧ ನೀರಿನ ಘಟಕ ಏಳುತ್ತದೆ, ಹೊಲಿಗೆ ಯಂತ್ರ ಹಂಚುತ್ತಾರೆ, ಹಸು ಕೊಡಿಸುತ್ತಾರೆ. ಎರಡು ವರ್ಷ ಕಳೆದು ಅದೇ ಊರಿಗೆ ಹೋದರೆ, ಮೊದಲೇ ಗಟ್ಟಿಯಾಗಿದ್ದ ಮನೆಗಳಿಗೇ ಹೆಚ್ಚು ಸೇರಿರುತ್ತದೆ. ಯಾರೋ ಕದ್ದರು ಅಂತಲ್ಲ, ಇರುವ ನಂಟಿನ ದಾರಿ ಹಿಡಿದೇ ಹಣ ಹರಿದಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದ ಗದ್ದೆಗಳು ಕುಡಿದು ಮಿಕ್ಕಿದ್ದು ತಾನೇ ಮಳವಳ್ಳಿ ಕಡೆಯ ತುದಿಗೆ ಹೋಗುವುದು? ಇದೂ ಹಾಗೆಯೇ. ತೂಬು ಎಲ್ಲಿಡಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ತುದಿಯವರಿಗೆ ನೀರಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಹಳೆಯ ಸಾಕ್ಷಿ ಇದೆ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಬರವಣಿಗೆಯಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರು ಕೊಟ್ಟರು. ಒಂದಕ್ಕೆ ನಾಲೆ ನೀರು ಬಂತು, ಇನ್ನೊಂದು ಒಣಭೂಮಿಯಾಗಿಯೇ ಉಳಿಯಿತು. ನೀರು ಬಂದ ಊರಿನಲ್ಲಿ ಕಬ್ಬು ಬೆಳೆಯಿತು, ಹಣ ಬಂತು. ಆದರೆ ಒಕ್ಕಲು ಮನೆಗೂ ಆಳಿನ ಮನೆಗೂ ತಲೆಮಾರಿನಿಂದ ಇದ್ದ ಸಂಬಂಧ ಕದಲಲಿಲ್ಲ. ಹೊಲಕ್ಕೆ ಆಳು ಮೊದಲಿಗಿಂತ ಹೆಚ್ಚು ಬೇಕಾದ್ದರಿಂದ ಅದು ಇನ್ನೂ ಗಟ್ಟಿಯಾಯಿತು. ನೀರು ಬಾರದ ಊರಿನವರು ಕೆಲಸ ಹುಡುಕಿಕೊಂಡು ಮಂಡ್ಯ ಪೇಟೆಯ ಕಡೆ ಮುಖ ಮಾಡಿದರು, ಹಳೆಯ ಕಟ್ಟು ಸಡಿಲವಾಗಿದ್ದು ಅಲ್ಲಿ. ನಾಲೆಯಷ್ಟು ದೊಡ್ಡ ಯೋಜನೆಯೇ ಊರಿನ ಸಂಬಂಧಗಳಿಗೆ ತಲೆಬಾಗಿತು ಎಂದ ಮೇಲೆ ನಾವು ಹಾಕಿಸುವ ನೀರಿನ ಘಟಕ ಯಾವ ಲೆಕ್ಕ?

ಒಂದು: ಬ್ಯಾನರ್ ಕಟ್ಟುವ ಮೊದಲು ನಡೆದು ನೋಡಿ

ಮೊದಲ ಸಲ ಹೋಗುವಾಗ ಯೋಜನೆಯ ಮಾತೆತ್ತಬೇಡಿ. ‘ದುಡ್ಡೈತಂತೆ’ ಎಂಬ ಸುದ್ದಿ ಹರಡಿದ ಮರುಗಳಿಗೆಯಿಂದ ಊರಿನವರ ಉತ್ತರಗಳೆಲ್ಲ ಆ ದುಡ್ಡಿನ ಅಳತೆಗೆ ಹೊಲಿದಂತೆ ಬರತೊಡಗುತ್ತವೆ.

ಬೆಳಗ್ಗೆ ಆರಕ್ಕೆ ಹಾಲಿನ ಡೇರಿ ಮುಂದೆ ನಿಲ್ಲಿ. ಮಂಡ್ಯದ ಹಳ್ಳಿಯನ್ನು ಓದಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೀಲ್ ಕ್ಯಾನು ಹಿಡಿದು ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಹಾಲು ಅಳೆದು, ಫ್ಯಾಟ್ ನೋಡಿ, ಕಾರ್ಯದರ್ಶಿ ಚೀಟಿ ಹರಿದು ಕೊಡುತ್ತಾನೆ. ಆ ಚೀಟಿಯ ಮೇಲೆ ಯಾರ ಹೆಸರಿದೆ ನೋಡಿ. ಎಷ್ಟೋ ಕಡೆ ಗಂಡನದು, ಕೆಲವೊಮ್ಮೆ ಸತ್ತು ವರ್ಷಗಳಾದ ಮಾವನದು. ಹುಲ್ಲು ಕೊಯ್ದವಳು, ಸಗಣಿ ಬಾಚಿದವಳು, ಕರೆದವಳು, ಹೊತ್ತು ತಂದವಳು ಒಬ್ಬಳೇ. ಸಂಘದ ಸದಸ್ಯತ್ವ, ಮತದ ಹಕ್ಕು, ಬ್ಯಾಂಕಿಗೆ ಬೀಳುವ ಬಟವಾಡೆ ಇನ್ನೊಬ್ಬರದು. ಮಹಿಳಾ ಹಾಲು ಉತ್ಪಾದಕರ ಸಂಘ ಇರುವ ಊರುಗಳೂ ಜಿಲ್ಲೆಯಲ್ಲಿವೆ. ಅಂಥ ಊರಿಗೂ ಒಂದು ಬೆಳಗ್ಗೆ ಹೋಗಿ ಬನ್ನಿ, ಚೀಟಿಯ ಹೆಸರು ಬದಲಾದರೆ ಮಾತಿನ ಧಾಟಿ ಎಷ್ಟು ಬದಲಾಗುತ್ತದೆಂದು ಕಿವಿಯಾರೆ ಕೇಳಬಹುದು.

ಅಲ್ಲಿಂದ ಮಾರಮ್ಮನ ಗುಡಿಯ ಬಳಿಯಿಂದ ಹಿಡಿದು ಕಾಲೋನಿಯ, ಅಂದರೆ ದಲಿತರ ಕೇರಿಯ, ಕೊನೆಯ ಮನೆವರೆಗೆ ನಡೆಯಿರಿ. ನಲ್ಲಿ ಎಲ್ಲಿದೆ, ಚರಂಡಿ ಎಲ್ಲಿ ನಿಂತಿದೆ, ಬೀದಿದೀಪ ಯಾವ ಕಂಬಕ್ಕೆ ಮುಗಿಯುತ್ತದೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಗಂಡಸರು ಕೂರುವ ಜಾಗ ಕಣ್ಣಿಗೆ ಬೀಳುತ್ತದೆ: ಅರಳಿಕಟ್ಟೆ, ಟೀ ಅಂಗಡಿ, ಸೊಸೈಟಿ ಜಗಲಿ. ಹೆಂಗಸರು ಸೇರುವ ಜಾಗಕ್ಕೆ ಕಟ್ಟೆಯಿಲ್ಲ, ಹೊತ್ತು ಮಾತ್ರ ಇದೆ. ನಲ್ಲಿ ಬಿಟ್ಟಾಗ, ಅಂಗನವಾಡಿಗೆ ಮಗುವನ್ನು ಬಿಡುವಾಗ, ನಾಟಿಗೆ ಹೋಗುವ ಆಟೋ ಕಾಯುವಾಗ. ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ, ಮತ್ತೆ ಕುಯ್ಲು ಬಂದರೆ, ಆ ವಾರಗಳಲ್ಲಿ ಅವರನ್ನು ಸಭೆಗೆ ಕರೆಯಲೇಬೇಡಿ. ಒಂದು ದಿನದ ಕೂಲಿ ಬಿಟ್ಟು ಬಂದು ನಿಮ್ಮ ಭಾಷಣ ಕೇಳುವ ಋಣ ಅವರಿಗಿಲ್ಲ.

ಎರಡು: ನಂಟಿನ ನಕ್ಷೆ ಬರೆದುಕೊಳ್ಳಿ

ಊರಿನ ಜನಸಂಖ್ಯೆ, ಜಾತಿವಾರು ಮನೆಗಳು ಪಂಚಾಯಿತಿಯಲ್ಲಿ ಸಿಗುತ್ತವೆ. ಯಾರು ಯಾರಿಗೆ ಕಟ್ಟುಬಿದ್ದಿದ್ದಾರೆ ಎಂಬುದು ಯಾವ ಕಡತದಲ್ಲೂ ಇಲ್ಲ, ಕೇಳಿಯೇ ತಿಳಿಯಬೇಕು. ಬೇರೆ ಬೇರೆ ಬೀದಿಯ ಹತ್ತು ಹದಿನೈದು ಮನೆಗಳಲ್ಲಿ, ಗಂಡಸರಿಗೊಮ್ಮೆ ಹೆಂಗಸರಿಗೊಮ್ಮೆ, ಇಷ್ಟು ಕೇಳಿ:

ನಡುರಾತ್ರಿ ಮಗುವಿಗೆ ಜ್ವರ ಬಂದರೆ ಯಾರ ಬಾಗಿಲು ತಟ್ಟುತ್ತೀರಿ? ಐನೂರು ರೂಪಾಯಿ ಕೈಸಾಲ ಬೇಕಾದರೆ ಯಾರಲ್ಲಿ ಕೇಳುತ್ತೀರಿ? ಮುಯ್ಯಾಳಿಗೆ (ಒಬ್ಬರ ಹೊಲದಲ್ಲೊಬ್ಬರು ಕೂಲಿಯಿಲ್ಲದೆ ಸರದಿಯಂತೆ ದುಡಿಯಲು) ಯಾರ ಜೊತೆ ಹೋಗುತ್ತೀರಿ? ಯಾರ ಕಿವಿಗೆ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ?

ಗಂಡಸರ ಉತ್ತರಗಳಲ್ಲಿ ಜಮೀನು, ಪಕ್ಷ, ಕುಲದ ಯಜಮಾನಿಕೆ ಕಾಣಿಸುತ್ತವೆ. ಹೆಂಗಸರ ನಕ್ಷೆ ಬೇರೆಯೇ. ಅಲ್ಲಿ ತವರಿದೆ, ನಾಟಿ ಗುಂಪಿನ ಮೇಸ್ತ್ರಿಯಿದ್ದಾಳೆ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳಿದ್ದಾಳೆ, ಆಶಾ ಕಾರ್ಯಕರ್ತೆ ಇದ್ದಾಳೆ. ನಮ್ಮ ಸೀಮೆಯಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು, ಅಕ್ಕಪಕ್ಕದ ಊರಿನಲ್ಲೇ ಬೀಗತನ ಮಾಡುವುದು ಹಿಂದಿನಿಂದ ಬಂದದ್ದು. ಹಾಗೆ ಬಂದ ಸೊಸೆಗೆ ಅತ್ತೆ ಎಂದರೆ ಅಜ್ಜಿಯೋ ಸೋದರತ್ತೆಯೋ ಆಗಿರುತ್ತಾಳೆ, ಸಭೆಯಲ್ಲಿ ಅವಳ ದನಿ ಏಳುತ್ತದೆ. ದೂರದ ತಾಲ್ಲೂಕಿನಿಂದ, ನಂಟೇ ಇಲ್ಲದ ಮನೆಗೆ ಬಂದವಳು ಅದೇ ಸಭೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತಾಳೆ. ಇಬ್ಬರನ್ನೂ ‘ಮಹಿಳೆಯರು’ ಎಂದು ಒಂದೇ ಕಾಲಂನಲ್ಲಿ ತುಂಬಿದರೆ ನಿಮಗೆ ಏನೂ ತಿಳಿಯುವುದಿಲ್ಲ.

‘ಯಾರ ಕಿವಿಗೆ ಬಿದ್ದರೆ’ ಎಂಬ ಆ ಕೊನೆಯ ಪ್ರಶ್ನೆಯನ್ನು ಹರಟೆ ಎಂದುಕೊಳ್ಳಬೇಡಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಫೋನ್ ಮಾಡಿದರೆ ಬಹುಮಾನದ ಚೀಟಿ ಆಟದಲ್ಲಿ ಸೇರಬಹುದು ಎಂಬ ಸುದ್ದಿಯನ್ನು ಪ್ರತಿ ಊರಿನಲ್ಲೂ ಕೆಲವರಿಗಷ್ಟೇ ಹೇಳಿದರು. ಕೆಲವು ಊರಲ್ಲಿ ಹಿರಿಯರಿಗೆ, ಕೆಲವು ಕಡೆ ಯಾರಿಗೆಂದರೆ ಅವರಿಗೆ, ಇನ್ನು ಕೆಲವು ಕಡೆ ‘ಇವರಿಗೆ ಹೇಳಿದರೆ ಎಲ್ಲರಿಗೂ ಮುಟ್ಟುತ್ತದೆ’ ಎಂದು ಊರಿನವರೇ ಹೆಸರಿಸಿದವರಿಗೆ. ಊರಿನವರು ಹೆಸರಿಸಿದವರಿಗೆ ಹೇಳಿದ ಕಡೆಯಿಂದ ಬಂದ ಕರೆಗಳೇ ಹೆಚ್ಚು. ಯಜಮಾನರಿಗೆ ಹೇಳಿದರೆ ಊರಿಗೆ ಹೇಳಿದಂತೆ ಎಂದು ನಂಬಿ ಕೆಲಸ ಮಾಡುವವರು ಇದನ್ನು ಗಮನಿಸಬೇಕು. ನಿಮ್ಮ ಸಭೆಯ ದಿನ, ಅರ್ಜಿಯ ಕೊನೆಯ ದಿನಾಂಕ ಮೊದಲು ತಲುಪಬೇಕಾದದ್ದು ಊರಿನವರು ಬೆರಳು ತೋರಿಸಿದ ಆ ನಾಲ್ಕು ಜನಕ್ಕೆ. ಅವರಲ್ಲಿ ಕಾಲೋನಿಯವರು ಒಬ್ಬರಾದರೂ, ಹೆಂಗಸರು ಇಬ್ಬರಾದರೂ ಇರಲಿ.

ಮೂರು: ಯಜಮಾನರಲ್ಲಿ ಒಪ್ಪಿಗೆ ಕೇಳಿ, ಅಭಿಪ್ರಾಯ ಎಲ್ಲರಲ್ಲೂ ಕೇಳಿ

ಮೈಸೂರಿನಲ್ಲಿ ಹುಟ್ಟಿ ಬೆಳೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಈ ಭಾಗದ ಒಂದು ಹಳ್ಳಿಯಲ್ಲಿದ್ದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರು. ಸಂಖ್ಯೆ, ಭೂಮಿ, ರಾಜಕೀಯ ಬಲ ಒಟ್ಟಿಗೆ ಇರುವ ಜಾತಿ ಊರನ್ನು ಹೇಗೆ ನಡೆಸುತ್ತದೆ ಎಂಬುದನ್ನು ವಿವರಿಸಲು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಕೊಟ್ಟವರು ಅವರೇ. ಎಪ್ಪತ್ತೈದು ವರ್ಷ ದಾಟಿದೆ, ಯಜಮಾನರನ್ನು ಬಿಟ್ಟು ಊರಿನಲ್ಲಿ ಒಂದು ಗುಂಡಿ ತೋಡುವುದೂ ಇವತ್ತಿಗೂ ಕಷ್ಟ. ಅವರ ಮನೆಗೆ ಹೋಗಿ, ಕಾಫಿ ಕುಡಿದು, ಏನು ಮಾಡುತ್ತೀರಿ ಎಂದು ತಿಳಿಸಿ. ಅಷ್ಟಕ್ಕೇ ನಿಲ್ಲಿಸಿ. ಘಟಕ ಎಲ್ಲಿ ಕೂರಬೇಕು, ಫಲಾನುಭವಿ ಯಾರು ಎಂದು ಅವರಲ್ಲಿ ಕೇಳಿದಿರೋ, ಅಕ್ಕಿ ಮೇಲೆ ಆಸೆ ನೆಂಟರ ಮೇಲೆ ಪ್ರೀತಿ ಎಂಬ ಗಾದೆಯ ಪಟ್ಟಿ ಕೈಗೆ ಬರುತ್ತದೆ.

ಸ್ವಂತ ಊರಿಗೇ ದುಡ್ಡು ತಂದವರಿಗೆ ಇದು ಇನ್ನೂ ಬಿಗಿಯಾದ ಗಂಟು. ನೀವು ಯಾರ ಮಗ, ಯಾವ ಬೀದಿ, ಯಾವ ಕುಲ ಎಂದು ಎಲ್ಲರಿಗೂ ಗೊತ್ತು. ದೊಡ್ಡಪ್ಪನ ಮನೆ ಜಗಲಿಯಲ್ಲಿ ಕೂತು ಸಭೆ ಮಾಡಿದರೆ ಕಾಲೋನಿಯವರು ಬರುವುದಿಲ್ಲ, ಬಂದರೂ ಅಂಗಳದಲ್ಲೇ ನಿಲ್ಲುತ್ತಾರೆ. ಲೆಕ್ಕಪತ್ರ, ಪಟ್ಟಿ ತಯಾರಿ ನಿಮ್ಮ ನೆಂಟರಲ್ಲದವರ ಕೈಗೆ ಕೊಡಿ.

ನಾಲ್ಕು: ಸಭೆ ಒಂದಲ್ಲ, ಮೂರು

ಕಾಯ್ದೆ ಹೆಂಗಸರ ಪರವಾಗಿಯೇ ಇದೆ. ವಾರ್ಡ್ ಸಭೆಗೆ ಬರುವವರಲ್ಲಿ ಸಾಧ್ಯವಾದಮಟ್ಟಿಗೆ ಕನಿಷ್ಠ ಶೇ 30ರಷ್ಟು ಮಹಿಳೆಯರಿರಬೇಕು ಎನ್ನುತ್ತದೆ ನಮ್ಮ ಪಂಚಾಯತ್ ರಾಜ್ ಅಧಿನಿಯಮ. 2010ರ ತಿದ್ದುಪಡಿಯಿಂದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಅವರದ್ದು. ಆದರೆ ಮೆಂಬರಮ್ಮನ ನಂಬರಿಗೆ ಫೋನ್ ಮಾಡಿದರೆ ‘ಹಲೋ’ ಎನ್ನುವುದು ಗಂಡ. ಅವನ ಜೊತೆ ಜಗಳ ಬೇಡ, ಫೋನಿನಲ್ಲಿ ವಿಷಯ ಮುಗಿಸುವುದೂ ಬೇಡ. ‘ಮೇಡಮ್ಮೋರ್ ಸೈನು ಬೇಕು, ಅವ್ರತ್ರಾನೇ ವಿವರ್ಸಿ ಓದ್ಸಬೇಕಂತೆ’ ಎಂದು ಮನೆಗೇ ಹೋಗಿ. ಕಾಗದ ಪತ್ರದ ನೆಪ ಹೇಳಿದರೆ ಯಾರಿಗೂ ಮುಖಭಂಗವಾಗುವುದಿಲ್ಲ.

ಮೊದಲ ಸಭೆ ಹೆಂಗಸರದ್ದು, ಅಂಗನವಾಡಿಯಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ. ಎರಡನೆಯದು ಕಾಲೋನಿಯಲ್ಲೇ, ಅಲ್ಲಿನ ಗಂಡಸರು ಹೆಂಗಸರು ಇಬ್ಬರೂ ಇರಲಿ. ಆಮೇಲೆ ಎಲ್ಲರದ್ದು, ಶಾಲೆಯಲ್ಲಿ. ದೇವಸ್ಥಾನದ ಅಂಗಳವನ್ನು ಒಂದು ಸಭೆಗೂ ಇಟ್ಟುಕೊಳ್ಳಬೇಡಿ. ಕುರ್ಚಿ ಹಾಕಿದರೆ ಯಾರು ಕೂರುತ್ತಾರೆ, ಯಾರು ನಿಲ್ಲುತ್ತಾರೆ ಎಂಬುದು ತೀರ್ಮಾನವಾಗಿಬಿಡುತ್ತದೆ. ಎಲ್ಲರೂ ಜಮಖಾನದ ಮೇಲೆ, ನೀವೂ. ಮೂರನೆಯ ಸಭೆಯಲ್ಲಿ ಮೊದಲೆರಡು ಸಭೆಯ ತೀರ್ಮಾನಗಳನ್ನು ನೀವೇ ಎದ್ದು ಓದಿ, ‘ಯಾರು ಹೇಳಿದ್ದು’ ಎಂದು ಕೇಳಿದರೆ ಹೆಸರು ಹೇಳಬೇಡಿ.

‘ನಿಮಗೇನು ಬೇಕು’ ಎಂಬ ಪ್ರಶ್ನೆಗೆ ‘ಏನ್ ಕೊಟ್ರೂ ಸರಿ’ ಎನ್ನುವುದೇ ಉತ್ತರ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಕೇಳಿ ನೋಡಿ. ನೀರಿಗೆ ಎಷ್ಟು ಹೊತ್ತು, ಸೌದೆಗೆ ಎಷ್ಟು, ದನಕ್ಕೆ ಎಷ್ಟು ಎಂದು ತಾವೇ ಎಣಿಸುತ್ತಾರೆ. ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳ ಮೇಲೆ ಡುಫ್ಲೊ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸಕ್ಕೆ ಹೆಚ್ಚು ಹಣ ಹೋಗಿತ್ತು. ಕೊಡ ಹೊರುವವರು ಕುರ್ಚಿಯಲ್ಲಿದ್ದರೆ ಹಾಗೇ ಆಗುವುದು.

ಐದು: ಏನು ಕೊಡುವುದು ಎಂದು ಈಗ ಯೋಚಿಸಿ

ಇದನ್ನು ಐದನೆಯ ಹೆಜ್ಜೆಯಲ್ಲಿ ಇಟ್ಟಿದ್ದು ಬೇಕೆಂದೇ. ಹೆಚ್ಚಿನವರು ಇದನ್ನು ನಿರ್ಧರಿಸಿಕೊಂಡೇ ಊರಿಗೆ ಬರುತ್ತಾರೆ. ಅದಕ್ಕೇ ಎಲ್ಲೆಲ್ಲೂ ಹೊಲಿಗೆ ಯಂತ್ರ. ಯಾವ ಗಂಡಸೂ ಅದಕ್ಕೆ ಅಡ್ಡ ಬರುವುದಿಲ್ಲ, ಮನೆಯೊಳಗೇ ಆಗುವ ಕೆಲಸ, ಫೋಟೊಗೂ ಚೆಂದ. ಒಂದೇ ಊರಿನಲ್ಲಿ ಮೂವತ್ತು ಜನ ಟೈಲರ್ ಆದರೆ ಬ್ಲೌಸ್ ಹೊಲಿಸಲು ಬರುವವರು ಯಾರು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಹಸು ಕೊಡುವುದಾದರೆ ಅದರ ಜೊತೆ ಅದನ್ನು ಸಾಕುವ ಹೆಂಗಸಿನ ದಿನಕ್ಕೆ ಎಷ್ಟು ಗಂಟೆ ಕೆಲಸ ಸೇರುತ್ತದೆ ಎಂದು ಲೆಕ್ಕ ಹಾಕಿ. ಹುಲ್ಲು ಕೊಯ್ಯಲು ಸ್ವಂತ ಬದುವಿಲ್ಲದ ಕಾಲೋನಿಯ ಹೆಂಗಸು ಯಾರ ಗದ್ದೆಯ ಬದುವಿನಲ್ಲಿ ಕೊಯ್ಯಬೇಕು? ಆ ಗದ್ದೆಯವರಿಗೆ ಬದಲಿಗೆ ಏನು ಕೊಡಬೇಕಾಗುತ್ತದೆ? ಬಿಟ್ಟಿ ಹುಲ್ಲಿಗೆ ಬಿಟ್ಟಿ ಆಳು ಎಂಬ ಹಳೆಯ ಲೆಕ್ಕ ನಿಮ್ಮ ಹಸುವಿನಿಂದಲೇ ಮತ್ತೆ ಶುರುವಾಗಬಾರದು. ಮೇವಿನ ವ್ಯವಸ್ಥೆ ಆಗದೆ ಹಸು ಬೇಡ.

ಶುದ್ಧ ನೀರಿನ ಘಟಕದ ವಿಷಯದಲ್ಲಿ ಜಾಗವೇ ಎಲ್ಲ. ಇಪ್ಪತ್ತು ಲೀಟರ್ ಕ್ಯಾನು ಬೈಕಿನಲ್ಲಿ ತರುವ ಮನೆಗೆ ದೂರ ಲೆಕ್ಕಕ್ಕಿಲ್ಲ, ಸೊಂಟದ ಮೇಲೆ ತರುವವಳಿಗೆ ಇದೆ. ಗುಡಿ ಮುಂದೆ ಘಟಕ ಕೂತರೆ ಕೆಲವರು ಬರುವುದೇ ಇಲ್ಲ. ಕಾಲೋನಿಗೂ ಊರಿಗೂ ನಡುವಿನ ಸರ್ಕಾರಿ ಜಾಗ, ಶಾಲೆಯ ಕಾಂಪೌಂಡ್ ಮಗ್ಗುಲು ಎಂಥದ್ದನ್ನಾದರೂ ಹುಡುಕಿ. ಸಿಗದಿದ್ದರೆ ಕಾಲೋನಿಯ ಕಡೆಗೇ ಕೂರಿಸಿ. ಮೇಲಿನ ಬೀದಿಯವರು ಅಲ್ಲಿಗೆ ಬಂದು ನೀರು ಹಿಡಿಯುತ್ತಾರೋ ಇಲ್ಲವೋ ನೋಡೋಣ.

ತರಬೇತಿ ಇಟ್ಟುಕೊಂಡರೆ ಶಕ್ತಿ ಯೋಜನೆಯ ಬಸ್ ಉಚಿತ, ಸರಿ. ಸಂಜೆ ವಾಪಸ್ ಬರುವ ಬಸ್ ಎಷ್ಟು ಹೊತ್ತಿಗೆ ಎಂದು ತಿಳಿದು ತರಬೇತಿಯ ಹೊತ್ತು ಗೊತ್ತು ಮಾಡಿ.

ಆರು: ಸಮಿತಿಯಲ್ಲಿ ಯಾರು

ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ ಜಲಜೀವನ್ ಮಿಷನ್ ಮಾರ್ಗಸೂಚಿಯ ಗ್ರಾಮ ನೀರು ಸಮಿತಿ ಒಳ್ಳೆಯ ಮಾದರಿ: 10ರಿಂದ 15 ಸದಸ್ಯರು, ಅರ್ಧ ಮಹಿಳೆಯರು, ದುರ್ಬಲ ವರ್ಗದವರಿಗೂ ಪಾಲು. ಆದರೆ ತಲೆ ಎಣಿಸಿದರೆ ಸಾಲದು. ಏಳು ಜನ ಹೆಂಗಸರಲ್ಲಿ ಐವರು ಒಂದೇ ಮನೆತನದ ಓರಗಿತ್ತಿಯರೂ ನಾದಿನಿಯರೂ ಆಗಿದ್ದರೆ ಅದು ಒಂದೇ ಮತ. ನಿಮ್ಮ ನಂಟಿನ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಪಟ್ಟಿ ನೋಡಿ.

ನಂಟೆಂದರೆ ಕೆಡುಕೇ ಎಂದು ನಾನು ಹೇಳುತ್ತಿಲ್ಲ. ಬೈಲಕುಪ್ಪೆಯ ಟಿಬೆಟನ್ನರಂಥ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಆಮೇಲೆ ಹಳ್ಳಿಗಳಲ್ಲಿ ಸಹಕಾರ ಸಂಘಗಳ ಕೆಲಸಕ್ಕಿಳಿಯಿತು. 1980ರ ದಶಕದ ನಡುವೆ ಆ ದೊಡ್ಡ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಸದಸ್ಯರು ತಾವೇ ಸಣ್ಣ ಗುಂಪುಗಳಾಗಿ ಸೇರಿ, ಸಾಲವನ್ನು ಆ ಗುಂಪಿಗೇ ಕಟ್ಟತೊಡಗಿದರು. ಸ್ವಸಹಾಯ ಸಂಘ ಎಂದು ಇವತ್ತು ಕರೆಯುವುದರ ಬೇರುಗಳಲ್ಲಿ ಅದೂ ಒಂದು. 1992ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುಮಾಡಿತು. ಮೇಲಿನಿಂದ ಕೂಡಿಸಿದ ಗುಂಪಿಗಿಂತ ತಾವೇ ಆಯ್ದುಕೊಂಡ ಗುಂಪು ಬಾಳುತ್ತದೆ ಎಂಬುದು ನಿಜ. ತಾವೇ ಆಯ್ದುಕೊಳ್ಳುವಾಗ ಯಾರನ್ನು ಬಿಡುತ್ತಾರೆ ಎಂಬುದೂ ಅಷ್ಟೇ ನಿಜ. ಗಂಡ ಬಿಟ್ಟವಳು, ಕೂಲಿಗೆ ವಲಸೆ ಬಂದು ನೆಲೆಸಿದ ಮನೆ, ಕಂತು ಕಟ್ಟಲಾರಳು ಎಂದು ಹೆಸರಾದವಳು. ಸಾಲ, ಉಳಿತಾಯಕ್ಕೆ ಅವರ ಆಯ್ಕೆಯ ಗುಂಪೇ ಇರಲಿ. ನೀರು, ದೀಪ, ಚರಂಡಿಯಂಥ ಎಲ್ಲರ ಸ್ವತ್ತಿಗೆ ಆ ಗುಂಪನ್ನೇ ಸಮಿತಿ ಮಾಡಬೇಡಿ, ಬೀದಿಗೊಬ್ಬರಂತೆ ಆರಿಸಿ.

ಏಳು: ಹೆಸರು ಯಾರದು, ಖಾತೆ ಯಾರದು

ಕೃಷಿ ಸಂಬಂಧದ ನೆರವಿಗೆ ಪಹಣಿ ಕೇಳುವುದು ರೂಢಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಕೊಟ್ಟಿತ್ತು, ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಪಹಣಿಯಲ್ಲಿ ಅವರ ಹೆಸರು ಎಷ್ಟು ಕಡೆ ಏರಿದೆ ಎಂದು ಯಾವುದೇ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ನೋಡಿ, ನಗುತ್ತಾರೆ. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ‘ಪಹಣಿದಾರ’ ಎಂಬ ಜಾಗದಲ್ಲಿ ‘ಉಳುಮೆ, ನಾಟಿ ಮಾಡುವವರು’ ಎಂದು ಬರೆಯಿರಿ, ಗುತ್ತಿಗೆಗೆ ಮಾಡುವವರನ್ನೂ ಸೇರಿಸಿ. ಹಸು ಕೊಟ್ಟರೆ ವಿಮೆ, ಕಿವಿಯೋಲೆ ನಂಬರಿನ ದಾಖಲೆ, ಡೇರಿ ಸದಸ್ಯತ್ವ ಮೂರೂ ಅದನ್ನು ಸಾಕುವವಳ ಹೆಸರಿಗೇ ಆಗಲಿ. ಡೇರಿ ಸದಸ್ಯತ್ವ ಆಗುವವರೆಗೆ ಹಸು ಹಸ್ತಾಂತರ ಬೇಡ, ಆಮೇಲೆ ಯಾರೂ ಆ ಕೆಲಸಕ್ಕೆ ಓಡಾಡುವುದಿಲ್ಲ.

‘ಅವ್ಳಿಗೆ ಅಕೌಂಟೇ ಇಲ್ಲ ಸಾರ್’ ಎಂಬ ನೆಪ ಈಗ ಅಷ್ಟಾಗಿ ನಡೆಯುವುದಿಲ್ಲ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾದ ಮೇಲೆ ಬಹಳ ಮನೆಗಳ ಯಜಮಾನಿಯ ಖಾತೆ ಚಾಲೂ ಆಗಿದೆ. ಆದರೆ ರೇಷನ್ ಕಾರ್ಡಿನ ಯಜಮಾನಿ ಎಂದರೆ ಎಷ್ಟೋ ಮನೆಯಲ್ಲಿ ಅತ್ತೆ. ದುಡಿಯುವುದು ಸೊಸೆ. ಯಾರ ಖಾತೆ ಎಂದು ಕೇಳುವಾಗ ಇಬ್ಬರನ್ನೂ ಎದುರಿಗೆ ಕೂರಿಸಿಕೊಳ್ಳಬೇಡಿ, ಬೇರೆ ಬೇರೆ ಕೇಳಿ.

ಎಂಟು: ಸಾಲದ ಗುಂಪಿಗೆ ಇನ್ನೊಂದು ಸಾಲ ಸೇರಿಸಬೇಡಿ

ನಂಟನ್ನೇ ಜಾಮೀನಾಗಿ ಇಟ್ಟುಕೊಂಡು ನಡೆಯುವ ವ್ಯವಹಾರ ಮೈಕ್ರೋ ಫೈನಾನ್ಸ್. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಅವಳ ಬಾಗಿಲಿಗೆ ಹೋಗುತ್ತಾರೆ. ಮುಯ್ಯಾಳಿಗೆ ಒಟ್ಟಿಗೆ ಹೋಗುತ್ತಿದ್ದವರು ಮಾತು ಬಿಡುತ್ತಾರೆ. ವಸೂಲಿ ಕಿರುಕುಳಕ್ಕೆ ಊರು ಬಿಟ್ಟು ಹೋದವರ ಸುದ್ದಿ ಈ ಭಾಗದಿಂದಲೂ ಸಾಲುಸಾಲಾಗಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ನಿಮ್ಮ ಯೋಜನೆಯಲ್ಲಿ ಆವರ್ತ ನಿಧಿ (ಸಾಲ ಕೊಟ್ಟು, ಮರಳಿ ಬಂದದ್ದನ್ನು ಇನ್ನೊಬ್ಬರಿಗೆ ಕೊಡುವ ಹಣ) ಇದ್ದರೆ, ಆ ಹೆಂಗಸು ಈಗಾಗಲೇ ಎಷ್ಟು ಸಂಘಗಳಿಗೆ, ವಾರದ ಯಾವ ಯಾವ ದಿನ ಕಂತು ಕಟ್ಟುತ್ತಿದ್ದಾಳೆ ಎಂದು ಮೊದಲು ಕೇಳಿ. ಗುಂಪಿನೆದುರು ಹೇಳುವುದಿಲ್ಲ, ಮನೆಗೆ ಹೋದಾಗ ಹೇಳುತ್ತಾಳೆ. ಮೂರಕ್ಕಿಂತ ಹೆಚ್ಚು ಕಂತುಗಳಿದ್ದರೆ ಅವಳಿಗೆ ಸಾಲದ ರೂಪದ ನೆರವು ಬೇಡವೆಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಜೊತೆಗಾರರೂ ಇದ್ದಾರೆ.

ಒಂಬತ್ತು: ಉದ್ಘಾಟನೆ ಮುಗಿದ ಮೇಲೆ

ಆರು ತಿಂಗಳಿಗೊಮ್ಮೆ ಹೋಗಿ. ಕೆಲವು ವಿಷಯಗಳನ್ನು ಯಾರನ್ನೂ ಕೇಳದೆ ನೋಡಬಹುದು: ಘಟಕದ ಬೀಗದಕೈ ಯಾರ ಮನೆಯ ಮೊಳೆಗೆ ನೇತಾಡುತ್ತಿದೆ, ಸಮಿತಿಯ ನಡಾವಳಿ ಪುಸ್ತಕದಲ್ಲಿ ಹೆಂಗಸರ ಸಹಿಗಳೆಲ್ಲ ಒಂದೇ ಕೈಬರಹದಲ್ಲಿವೆಯೇ, ಕಾಲೋನಿಯ ಮನೆಗಳಲ್ಲಿ ಘಟಕದ ಕ್ಯಾನು ಕಾಣುತ್ತದೆಯೇ.

ಕೇಳಿ ತಿಳಿಯಬೇಕಾದದ್ದು ಒಂದಿದೆ. ಹಣ ಕೈಗೆ ಬಂದ ಮೇಲೆ ಮನೆಯಲ್ಲಿ ಜಗಳ ಹೆಚ್ಚಿದೆಯೇ? ನೇರವಾಗಿ ಕೇಳಿದರೆ ‘ಏನಿಲ್ಲ ಕಣಕ್ಕ’ ಎನ್ನುತ್ತಾರೆ. ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಹೊಡೆತ ಬಡಿತದ ಮಟ್ಟಕ್ಕೆ ಹೋಗಿದ್ದರೆ ಮಹಿಳಾ ಸಹಾಯವಾಣಿ 181ರ ಸಂಖ್ಯೆ ಆ ಮನೆಯ ಹೆಂಗಸಿನ ಬಳಿ ಇದೆಯೇ ನೋಡಿ, ಇಲ್ಲದಿದ್ದರೆ ನೀವೇ ಬರೆದುಕೊಡಿ. ಬಾಯಿಪಾಠ ಮಾಡಿಸಿದರೆ ಇನ್ನೂ ವಾಸಿ, ಫೋನು ಗಂಡನ ಜೇಬಿನಲ್ಲಿರುತ್ತದೆ.

ಬಂದ ಹಣ, ಖರ್ಚು, ಫಲಾನುಭವಿಗಳ ಪಟ್ಟಿಯನ್ನು ಎರಡು ಕಡೆ ಗೋಡೆಗೆ ಬರೆಸಿ. ಒಂದು ಪಂಚಾಯಿತಿ ಕಚೇರಿಯಲ್ಲಿ. ಇನ್ನೊಂದು ಕಾಲೋನಿಯ ಅಂಗನವಾಡಿ ಗೋಡೆಯ ಮೇಲೆ, ಮಕ್ಕಳು ಓದಿ ಹೇಳುವಷ್ಟು ದೊಡ್ಡ ಅಕ್ಷರದಲ್ಲಿ. ಪೇಂಟರ್ ಕೂಲಿಯನ್ನು ಯೋಜನೆಯ ವೆಚ್ಚದಲ್ಲೇ ಮೊದಲೇ ಸೇರಿಸಿಕೊಳ್ಳಿ, ಕೊನೆಗೆ ಅದಕ್ಕೇ ದುಡ್ಡು ಉಳಿದಿರುವುದಿಲ್ಲ.